ಛಲೋ ಅದ

ಹೋದ ಬೇಸಿಗೆಯಲ್ಲಿ ಹುಣಸಗಿಯ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಹೆಂಡತಿಗೆ ಕ್ಯಾನ್ಸರ್. ದೊಡ್ಡಾಸ್ಪತ್ರೆಯ ಡಾಕ್ಟರು 'ಇನ್ನ ಮಾಡೋದೇನಿಲ್ಲ, ಮನೀಗೆ ಕರಕೊಂಡು ಹೋಗ್ರಿ' ಎಂದು ಕಳಿಸಿಬಿಟ್ಟಿದ್ದರು. ಮನೆಯಲ್ಲಿ ಆಕೆಯ ನೋವು ಯಾರಿಗೂ ನೋಡಲಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ನನ್ನ ಅವ್ವ ತನ್ನ ಕೊನೆಯ ಹನ್ನೊಂದು ದಿನಗಳನ್ನು ದೂರದ ನಗರವೊಂದರ ಹಾಸ್ಪೈಸಿನಲ್ಲಿ ಕಳೆದದ್ದು ಅವರಿಗೆ ಗೊತ್ತಿತ್ತು.

"ತಮ್ಮಾ, ಅಲ್ಲಿ ಹ್ಯಾಂಗದ? ಛಲೋ ನೋಡ್ಕೋತಾರೇನು?"

"ಛಲೋ ಅದ ಕಾಕಾ" ಎಂದೆ.

ಅವರು ತಲೆಯಾಡಿಸಿ, ಚಹಾದ ರೊಕ್ಕ ತಾವೇ ಕೊಟ್ಟು ಹೋದರು. ನಾನು ಅಲ್ಲೇ ಕುಳಿತೆ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ನಿಜ ಎಂದು ನನಗೆ ಹೇಗೆ ಗೊತ್ತು ಎಂದು ಕೇಳಿಕೊಂಡರೆ ಉತ್ತರ ಸಿಗಲಿಲ್ಲ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಸಾಯುವವರನ್ನು ನೋಡಿಕೊಳ್ಳುವ ಜಾಗ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬಲ್ಲವರು ಯಾರು?

ಒಂದು ಖಾನಾವಳಿ ಚೆನ್ನಾಗಿದೆಯೇ ಎಂದರೆ ಉಂಡವನು ಹೇಳುತ್ತಾನೆ. ಶಾಲೆ ಚೆನ್ನಾಗಿದೆಯೇ ಎಂದರೆ ಓದಿ ಹೊರಬಂದವನು ಹೇಳುತ್ತಾನೆ. ಹಾಸ್ಪೈಸಿನಲ್ಲಿ ಉಂಡವರು, ಮಲಗಿದವರು, ನೋವು ತಿಂದವರು ಹೊರಗೆ ಬಂದು ಹೇಳುವುದಿಲ್ಲ. ಹೇಳುವವರು ನಾವು, ಉಳಿದವರು. ನಾವು ಸಾಕ್ಷಿಗಳೇ ಹೊರತು ಅನುಭವಿಸಿದವರಲ್ಲ. ಅದರಲ್ಲೂ ಸ್ವಂತ ಹಿತಾಸಕ್ತಿ ಇರುವ ಸಾಕ್ಷಿಗಳು. 'ಅಲ್ಲಿ ಚೆನ್ನಾಗಿ ನೋಡಿಕೊಳ್ಳಲಿಲ್ಲ' ಎಂದು ನಾನು ಹೇಳಿದರೆ, ಮರುಕ್ಷಣವೇ ಕೇಳಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆ 'ಮತ್ತೆ ನೀನು ಅವ್ವನನ್ನು ಅಲ್ಲಿ ಯಾಕೆ ಬಿಟ್ಟಿದ್ದೆ?' ಎಂಬುದು. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಇರುವ ಸುಲಭ ದಾರಿ ಎರಡೇ ಶಬ್ದದ್ದು: ಛಲೋ ಅದ. ನನ್ನ ಬಾಯಿಂದ ಬಂದದ್ದು ಆ ಜಾಗದ ಗುಣವೋ, ನನ್ನ ಸಮಾಧಾನವೋ?

ಇದರ ತಿರುವು ಮುರುವೂ ಉಂಟು. ಅವ್ವ ಇದ್ದ ವಾರ್ಡಿನಲ್ಲಿ ಒಬ್ಬರ ಮಗ ದಿನವೂ ಜಗಳ ತೆಗೆಯುತ್ತಿದ್ದ. ಗಂಜಿ ತಣ್ಣಗಿದೆ, ಫ್ಯಾನು ಸದ್ದು ಮಾಡುತ್ತದೆ, ಸಲೈನ್ ಬಾಟ್ಲಿ ಹಚ್ಚಿಲ್ಲ. ಅವನ ಸಿಟ್ಟು ಗಂಜಿಯ ಮೇಲಿನದಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಸಾವಿನ ಮೇಲೆ ದೂರು ಕೊಡಲು ಕಚೇರಿ ಇಲ್ಲ. ಗಂಜಿಯ ಮೇಲೆ ಕೊಡಬಹುದು. ಹಾಗಾಗಿ ಉಳಿದವರ ಹೊಗಳಿಕೆಯಲ್ಲಿ ಅಪರಾಧಿ ಭಾವ ಬೆರೆತಿರುತ್ತದೆ, ತೆಗಳಿಕೆಯಲ್ಲಿ ದುಃಖ ಬೆರೆತಿರುತ್ತದೆ. ಎರಡನ್ನೂ ಸೋಸದೆ ಕುಡಿಯುವಂತಿಲ್ಲ.

ಜನರ ಮಾತು ಬೇಡ, ಅಳತೆಗಳನ್ನು ನಂಬೋಣ ಎನ್ನಬಹುದು. ಜಗತ್ತು ಆ ಪ್ರಯತ್ನವನ್ನೂ ಮಾಡಿದೆ. 2010ರಲ್ಲಿ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಸಂಸ್ಥೆ 40 ದೇಶಗಳಲ್ಲಿ ಸಾವಿನ ಗುಣಮಟ್ಟವನ್ನು ಅಳೆದು ಒಂದು ಪಟ್ಟಿ ಮಾಡಿತು. ಮೊದಲ ಸ್ಥಾನ ಬ್ರಿಟನ್ನಿಗೆ, ಕೊನೆಯ ನಲವತ್ತನೆಯದು ಭಾರತಕ್ಕೆ. 2015ರಲ್ಲಿ 80 ದೇಶಗಳ ಪಟ್ಟಿ ಬಂದಾಗ ಬ್ರಿಟನ್ ಮತ್ತೆ ಮೊದಲು, ನಾವು 67ನೆಯವರು. ಇಂಥ ಪಟ್ಟಿ ಸುಳ್ಳು ಹೇಳುವುದಿಲ್ಲ. ತರಬೇತಾದವರು ಎಷ್ಟಿದ್ದಾರೆ, ಮಾರ್ಫಿನ್ ಸಿಗುತ್ತದೆಯೇ, ಖರ್ಚು ಯಾರು ಹೊರುತ್ತಾರೆ, ಸರಕಾರಕ್ಕೆ ನೀತಿ ಇದೆಯೇ ಎಂಬುದನ್ನೆಲ್ಲ ಅದು ನೋಡುತ್ತದೆ. ಆದರೆ ಅದು ನೋಡುವುದು ದೇಶವನ್ನು. ಸಾಯುವವರು ದೇಶದಲ್ಲಿ ಸಾಯುವುದಿಲ್ಲ, ಒಂದು ಹಾಸಿಗೆಯ ಮೇಲೆ ಸಾಯುತ್ತಾರೆ.

ಮೊದಲ ಸ್ಥಾನದ ಬ್ರಿಟನ್ನಿನಲ್ಲೇ ನಡೆದ ಒಂದು ಸಂಗತಿ ಇಲ್ಲಿ ನೆನಪಿಸಿಕೊಳ್ಳಬೇಕು. ಹಾಸ್ಪೈಸುಗಳಲ್ಲಿ ಸಾಯುವವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೋ ಅಷ್ಟೇ ಚೆನ್ನಾಗಿ ಸಾಮಾನ್ಯ ಆಸ್ಪತ್ರೆಗಳಲ್ಲೂ ನೋಡಿಕೊಳ್ಳಬೇಕು ಎಂಬ ಒಳ್ಳೆಯ ಉದ್ದೇಶದಿಂದ ತೊಂಬತ್ತರ ದಶಕದ ಕೊನೆಯಲ್ಲಿ ಲಿವರ್‌ಪೂಲಿನಲ್ಲಿ ಒಂದು ಕ್ರಮವನ್ನು ರೂಪಿಸಿದರು. ಅದಕ್ಕೆ ಲಿವರ್‌ಪೂಲ್ ಕೇರ್ ಪಾಥ್‌ವೇ ಎಂದು ಹೆಸರು. ನೋವು ನೋಡಿದಿರಾ, ಬೇಡದ ಔಷಧಿ ನಿಲ್ಲಿಸಿದಿರಾ, ಮನೆಯವರೊಂದಿಗೆ ಮಾತಾಡಿದಿರಾ ಎಂದು ಒಂದೊಂದಕ್ಕೂ ಗುರುತು ಹಾಕುತ್ತ ಹೋಗುವ ಪಟ್ಟಿ ಅದು. ದೇಶದ ತುಂಬ ಹಬ್ಬಿತು. ಎಷ್ಟು ಜನರನ್ನು ಆ ಕ್ರಮಕ್ಕೆ ಒಳಪಡಿಸಿದಿರಿ ಎಂಬುದರ ಮೇಲೆ ಕೆಲವು ಆಸ್ಪತ್ರೆಗಳಿಗೆ ಹಣವೂ ಬಂತು. ನಿಧಾನಕ್ಕೆ ಪಟ್ಟಿ ಉಳಿಯಿತು, ಹಾಸಿಗೆಯ ಬಳಿ ನಿಲ್ಲುವವರು ಹೋದರು. ತಮ್ಮವರಿಗೆ ಬಾಯಾರಿದರೂ ನೀರು ಕೊಡಲಿಲ್ಲ, ಸಾಯುತ್ತಿದ್ದಾರೆಂದು ನಮಗೆ ಹೇಳಲೇ ಇಲ್ಲ ಎಂದು ಕುಟುಂಬಗಳು ದೂರಿದವು. 2013ರಲ್ಲಿ ಜೂಲಿಯಾ ನ್ಯೂಬರ್ಗರ್ ಅವರ ನೇತೃತ್ವದ ಸಮಿತಿ ಅದನ್ನು ಕೈಬಿಡಬೇಕೆಂದು ಹೇಳಿತು, ಮರುವರ್ಷ ಕೈಬಿಟ್ಟರು. ಎಲ್ಲ ಮನೆಗೂ ಗುರುತು ಬಿದ್ದಿದ್ದ ಹಾಳೆಯ ಪಕ್ಕದಲ್ಲೇ ಒಣಗಿದ ತುಟಿಯೊಂದು ಇರಬಲ್ಲದು ಎಂಬುದು ಆ ಪ್ರಸಂಗ ಕಲಿಸಿದ ಪಾಠ.

ಹಾಗಾದರೆ ಅಳೆಯುವುದೇ ವ್ಯರ್ಥವೇ? ಅಲ್ಲಿಗೆ ಹೋಗುವ ಮುನ್ನ ನಮ್ಮದೇ ನಾಡಿನ ಒಬ್ಬಳ ಕತೆ ನೋಡಬೇಕು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ನರ್ಸ್ ಕೆಲಸಕ್ಕೆ ಹೋದ ಅರುಣಾ ಶಾನಭಾಗ್. 1973ರ ನವೆಂಬರಿನಲ್ಲಿ ಕೆಇಎಂ ಆಸ್ಪತ್ರೆಯಲ್ಲೇ ಆಕೆಯ ಮೇಲೆ ಕ್ರೂರ ಹಲ್ಲೆಯಾಯಿತು, ಮಿದುಳಿಗೆ ಪೆಟ್ಟು ಬಿತ್ತು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಆಕೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಆಕೆಗೆ ದಯಾಮರಣ ಕೊಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆ ತೀರ್ಪಿನಲ್ಲಿ ನನ್ನ ಮನಸ್ಸು ನಿಂತದ್ದು ಒಂದು ಸಣ್ಣ ವಿವರದ ಮೇಲೆ. ಅಷ್ಟು ವರ್ಷ ಮಲಗಿಯೇ ಇದ್ದರೂ ಆಕೆಯ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ.

ಹಾಸಿಗೆ ಹುಣ್ಣು ಎಂದರೆ ಏನು ಎಂದು ಮನೆಯಲ್ಲಿ ಮಲಗಿದವರನ್ನು ನೋಡಿಕೊಂಡವರಿಗೆ ಗೊತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಎಲುಬು ಒತ್ತಿದ ಜಾಗದಲ್ಲಿ ರಕ್ತ ಹರಿಯುವುದು ನಿಂತು ಚರ್ಮ ಸಾಯುತ್ತದೆ. ಎರಡು ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಬಟ್ಟೆ ತಕ್ಷಣ ತೆಗೆಯಬೇಕು, ಬೆನ್ನು ಒರೆಸಿ ಒಣಗಿಸಬೇಕು. ಹಗಲು ಮಾತ್ರವಲ್ಲ, ರಾತ್ರಿಯೂ. ಹುಣ್ಣು ಇಲ್ಲದ ಆ ಬೆನ್ನಿನ ಹಿಂದೆ ಲೆಕ್ಕಕ್ಕೆ ಸಿಗದಷ್ಟು ರಾತ್ರಿಗಳಿವೆ, ಒಬ್ಬರಾದ ಮೇಲೊಬ್ಬರು ಬಂದು ನಿವೃತ್ತಿಯಾದ ನರ್ಸುಗಳಿದ್ದಾರೆ. ಆದರೆ ಕಣ್ಣಿಗೆ ಕಾಣುವುದು ಏನೂ ಆಗಿಲ್ಲ ಎಂಬುದಷ್ಟೆ.

ಆರೈಕೆಯನ್ನು ಅಳೆಯುವ ಕಷ್ಟ ಇಲ್ಲೇ ಇದೆ. ಒಳ್ಳೆಯ ಆರೈಕೆಯ ಗುರುತು ಬಹಳ ಸಲ ಒಂದು ಇಲ್ಲದಿರುವಿಕೆ. ಹುಣ್ಣು ಇಲ್ಲ, ವಾಸನೆ ಇಲ್ಲ, ಚೀರಾಟ ಇಲ್ಲ. ನಮ್ಮ ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದ ಹಳೆಯ ಶಿಲಾಯುಗದ ಕಲ್ಲಿನ ಕೊಡಲಿಗಳು ಲಕ್ಷಾಂತರ ವರ್ಷದ ಹಿಂದೆ ಇಲ್ಲಿದ್ದವರ ಕೈಕೆಲಸವನ್ನು ಇಂದಿಗೂ ಹೇಳುತ್ತವೆ. ಕಲ್ಲು ಒಡೆದವನ ಗುರುತು ಕಲ್ಲಿನಲ್ಲಿ ಉಳಿಯಿತು. ಮುದುಕಿಯೊಬ್ಬಳ ಬಾಯಿಗೆ ನೀರು ಬಿಟ್ಟವರು ಅವರಲ್ಲೂ ಇದ್ದರೆ, ಆ ಕೆಲಸದ ಗುರುತು ಎಲ್ಲಿ ಉಳಿದೀತು?

ಅರುಣಾಳ ತೀರ್ಪು ಇನ್ನೊಂದು ಮಾತನ್ನೂ ಹೇಳಿತು. ಆಕೆಯ ಪರವಾಗಿ ಮಾತಾಡುವ ಹಕ್ಕು ಆಗಾಗ ಬಂದು ನೋಡಿದವರಿಗಲ್ಲ, ದಿನವೂ ಮೈ ತೊಳೆದು ಉಣಿಸಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂದಿತು ಕೋರ್ಟು. ಇದು ನನಗೆ ಒಪ್ಪಿಗೆಯಾಗುತ್ತದೆ, ಅಷ್ಟೇ ಅಳುಕನ್ನೂ ಹುಟ್ಟಿಸುತ್ತದೆ. ಹತ್ತಿರ ಇದ್ದವರಿಗೆ ಹೆಚ್ಚು ಗೊತ್ತು ಎಂಬುದು ನಿಜ. ಆದರೆ ನೋಡಿಕೊಳ್ಳುವವರೇ ತಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಸಾಕ್ಷಿ ಹೇಳಿದರೆ ಎಲ್ಲ ಕಡೆಯೂ ನಂಬಬಹುದೇ? ಕೆಇಎಮ್ಮಿನಲ್ಲಿ ಆ ಮಾತನ್ನು ನಿಲ್ಲಿಸಿದ್ದು ಮಾತಲ್ಲ, ಹೊರಗಿನ ವೈದ್ಯರು ಬಂದು ಪರೀಕ್ಷಿಸಿದ ಮೈ. ಅಂದರೆ ಹತ್ತಿರದವರ ತಿಳಿವಳಿಕೆ, ಹೊರಗಿನವರ ಕಣ್ಣು, ಎರಡೂ ಬೇಕು.

ನಮ್ಮಲ್ಲಿ ಒಂದು ಗಾದೆ ಇದೆ: ಶರಣರ ಗುಣ ಮರಣದಲ್ಲಿ ನೋಡು. ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ಯಾರಾದರೂ ನಿದ್ದೆಯಲ್ಲೇ ಹೋದರೆ 'ಪುಣ್ಯವಂತ' ಎನ್ನುತ್ತೇವೆ. ನರಳಿ ಹೋದರೆ ಬಾಯಿಬಿಟ್ಟು ಏನೂ ಅನ್ನದಿದ್ದರೂ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕುತ್ತೇವೆ. ಅವ್ವ ಮನೆಯಲ್ಲಿದ್ದ ಕೊನೆಯ ವಾರಗಳಲ್ಲಿ ರಾತ್ರಿ ಕೂಗುತ್ತಿದ್ದಳು. ಎಲೆಯ ಜೊತೆ ತಂಬಾಕು ಹಾಕಿಕೊಳ್ಳುತ್ತಿದ್ದವಳಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ನೋಡಲು ಬಂದ ಒಬ್ಬರು 'ಏನು ಕರ್ಮವೋ' ಎಂದು ಪಡಸಾಲೆಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ಹಾಸ್ಪೈಸಿಗೆ ಹೋದ ಎರಡನೆಯ ದಿನ ಮಾರ್ಫಿನ್ ಮೈಗೆ ಹತ್ತಿ ಅವಳು ಮಲಗಿದಳು, ಎದ್ದು ತಂಗಿಯ ಮಕ್ಕಳ ಹೆಸರು ಹಿಡಿದು ವಿಚಾರಿಸಿದಳು. ಎರಡು ದಿನದಲ್ಲಿ ಅವಳ ಕರ್ಮ ಬದಲಾಗಿರಲಿಲ್ಲ. ನಾಲ್ಕು ತಾಸಿಗೊಮ್ಮೆ ಕೊಡಬೇಕಾದ ಒಂದು ಗುಳಿಗೆ ಸಿಕ್ಕಿತ್ತು, ಅಷ್ಟೆ. ಸಾಯುವವರ ನರಳಾಟದಿಂದ ಗುಣ ತಿಳಿಯುವುದಾದರೆ ಅದು ಸುತ್ತಲಿನವರ ಗುಣ.

ಆ ಗುಳಿಗೆ ಎಲ್ಲರಿಗೂ ಸಿಗದೆ ಹೋದದ್ದಕ್ಕೂ ಒಂದು ಚರಿತ್ರೆ ಇದೆ. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೆಳೆದು ಹೊರದೇಶಗಳಿಗೂ ಕಳಿಸುತ್ತೇವೆ. ಆದರೆ 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದಾಗಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಲವು ಲೈಸೆನ್ಸುಗಳಿಗೆ ಅಲೆಯಬೇಕಾಯಿತು, ಬಹಳ ಆಸ್ಪತ್ರೆಗಳು ಅದರ ಸಹವಾಸವೇ ಬೇಡವೆಂದವು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತಿತರರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಒಂದು ಹಾಸ್ಪೈಸನ್ನು ಅಳೆಯಲು ಹೊರಟವರು ಮೊದಲು ಕೇಳಬೇಕಾದದ್ದು ಇದನ್ನೇ: ಇಲ್ಲಿ ಮಾರ್ಫಿನ್ ಇದೆಯೇ, ಮಧ್ಯರಾತ್ರಿಯೂ ಸಿಗುತ್ತದೆಯೇ?

ಧರ್ಮಕ್ಕೆ ನಡೆಸುವ ಜಾಗವನ್ನು ಹೀಗೆ ತೂಗಬಹುದೇ ಎಂದು ಕೇಳುವವರಿದ್ದಾರೆ. 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ದೇಶದ ಮೊದಲ ಹಾಸ್ಪೈಸು ಶಾಂತಿ ಅವೇದನಾ ಸದನ್ ರೋಗಿಗಳಿಂದ ಹಣ ಪಡೆಯುವುದಿಲ್ಲ. 1994ರಲ್ಲಿ ಟ್ರಸ್ಟಾಗಿ ಹುಟ್ಟಿ 1999ರಲ್ಲಿ ಕಟ್ಟಡ ಕಂಡ ಬೆಂಗಳೂರಿನ ಕರುಣಾಶ್ರಯವೂ ಹಾಗೆಯೇ. ಅವ್ವ ಇದ್ದ ಜಾಗದಲ್ಲೂ ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರೆ. ನಾನೂ ಎಣಿಸಲಿಲ್ಲ. ಆರನೆಯ ರಾತ್ರಿ ಅವ್ವನಿಗೆ ನೋವು ಬಂದು ನಾನು ಎರಡು ಸಲ ಕರೆದರೂ ಯಾರೂ ಬರದೆ, ಮುಕ್ಕಾಲು ತಾಸಿನ ಮೇಲೆ ಒಬ್ಬ ನರ್ಸಮ್ಮ ಓಡುತ್ತ ಬಂದಳು. ಇಡೀ ಮಹಡಿಗೆ ಅವಳೊಬ್ಬಳೇ ಇದ್ದಳು. ಕೊನೆಯ ಕೋಣೆಯಲ್ಲಿ ಒಬ್ಬರು ತೀರಿಕೊಂಡಿದ್ದರು. ಮರುದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಪುಕ್ಕಟೆ ನೋಡಿಕೊಳ್ಳುವವರಿಗೆ ಏನು ಹೇಳುವುದು?

ಈಗ ಅನ್ನಿಸುತ್ತದೆ, ಹೇಳಬೇಕಿತ್ತು. ಆಕಳನ್ನು ದಾನ ಪಡೆದವನಿಗೆ ಬೇಡವೆನ್ನುವ ದಾರಿಯಾದರೂ ಇರುತ್ತದೆ. ಹಾಸಿಗೆಯಲ್ಲಿ ಮಲಗಿದವಳಿಗೆ ಎದ್ದು ಹೋಗುವ ದಾರಿ ಇಲ್ಲ. ಪೇಟೆಯಲ್ಲಾದರೆ ಕೆಟ್ಟ ಅಂಗಡಿಗೆ ಗಿರಾಕಿ ಎರಡನೆಯ ಸಲ ಹೋಗುವುದಿಲ್ಲ, ಅಂಗಡಿ ತಾನೇ ತಿದ್ದಿಕೊಳ್ಳುತ್ತದೆ. ಇಲ್ಲಿ ಎರಡನೆಯ ಸಲವೆಂಬುದೇ ಇಲ್ಲ. ಎಲ್ಲಿ ತಿದ್ದುವ ಶಕ್ತಿ ಒಳಗಿನವರಿಗೆ ಇಲ್ಲವೋ ಅಲ್ಲಿ ಹೊರಗಿನವರ ಬಾಯಿ ಮುಚ್ಚಿದರೆ ಅದು ಕೃತಜ್ಞತೆಯಾಗುವುದಿಲ್ಲ. ನಾನು ಅಂದು ಹೇಳಿದ್ದರೆ ರಾತ್ರಿಗೆ ಇನ್ನೊಬ್ಬ ನರ್ಸನ್ನು ಹಾಕುತ್ತಿದ್ದರೋ ಇಲ್ಲವೋ. ಆದರೆ ಓಡಿ ಬಂದವಳ ಪರವಾಗಿಯೂ ಅದು ಒಂದು ಮಾತಾಗುತ್ತಿತ್ತು.

ಹೇಳುವುದಕ್ಕೆ ಮುಂಚೆ ತಿಳಿದುಕೊಳ್ಳುವ ಹೊಣೆಯೂ ನಮ್ಮ ಮೇಲಿದೆ. ನಾವು ಸಲೈನ್ ಬಾಟ್ಲಿಯನ್ನು ನೋಡಿ ಚಿಕಿತ್ಸೆಯನ್ನು ಅಳೆಯುವ ಜನ. ಜೀವ ಮುಗಿಯುವ ಹೊತ್ತಿನಲ್ಲಿ ದೇಹ ನೀರನ್ನು ತಾಳಿಕೊಳ್ಳಲಾರದೆ ಎದೆಯಲ್ಲಿ ಗೊರಗೊರ ಹೆಚ್ಚಬಹುದು, ಹಾಗಾಗಿ ಬಾಟ್ಲಿ ಹಚ್ಚದಿರುವುದೇ ಆಗ ಒಳ್ಳೆಯ ವೈದ್ಯವಾಗಬಹುದು. ಹಸಿವು ತಾನಾಗಿಯೇ ಇಂಗುತ್ತದೆ. ಉಣಿಸದವರು ಉಪವಾಸ ಕೆಡವಿದರು ಎಂದೇನಲ್ಲ. ಆದರೆ ತುಟಿ, ನಾಲಿಗೆ ಒಣಗಿದಾಗ ಒದ್ದೆ ಹತ್ತಿಯಿಂದ ಒರೆಸುವವರು ಇರಬೇಕು. ಮಾರ್ಫಿನ್ ತೆಗೆದುಕೊಂಡವರಿಗೆ ಹೊಟ್ಟೆ ಕಟ್ಟುತ್ತದೆ. ಅದರ ಜೊತೆಗೇ ಮಲ ಸಡಿಲಿಸುವ ಔಷಧಿ ಕೊಡುತ್ತಾರೆಯೇ ಎಂಬ ಒಂದೇ ಪ್ರಶ್ನೆಯಿಂದ ಆ ಜಾಗದವರಿಗೆ ಕೆಲಸ ಗೊತ್ತಿದೆಯೇ ಎಂದು ತಿಳಿಯಬಹುದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸು ತೆರೆದ ಸಿಸಿಲಿ ಸಾಂಡರ್ಸ್ ನರ್ಸಾಗಿದ್ದರು, ಸಮಾಜ ಕಾರ್ಯಕರ್ತೆಯಾಗಿದ್ದರು, ಆಮೇಲೆ ಡಾಕ್ಟರಾದರು. ನೋವು ಮೈಯದೊಂದೇ ಅಲ್ಲ, ಮನಸ್ಸಿನದು, ಮನೆಯದು, ದೇವರೊಂದಿಗಿನದು ಎಲ್ಲ ಕೂಡಿದ್ದು ಎಂಬ ಅವರ ತಿಳಿವಳಿಕೆ ಬಂದದ್ದು ಹಾಸಿಗೆಯ ಪಕ್ಕದಲ್ಲಿ ಕೂತು ಕೇಳಿದ್ದರಿಂದ. ಮಲಗಿದವರ ಹೆಸರು ಹಿಡಿದು ಕರೆಯುತ್ತಾರೋ, ಬೆಡ್ ನಂಬರು ಹಿಡಿದೋ? ಅವರಿಗೆ ತಮ್ಮ ಸ್ಥಿತಿ ತಿಳಿಯಬೇಕೆನಿಸಿದಾಗ ನಿಜ ಹೇಳುವವರು ಇದ್ದಾರೆಯೇ? ಇವು ಪಟ್ಟಿಯಲ್ಲಿ ಗುರುತು ಹಾಕಿ ಮುಗಿಸುವ ಪ್ರಶ್ನೆಗಳಲ್ಲ, ಹೋಗಿ ಕೂತು ನೋಡಬೇಕಾದವು.

ಇನ್ನೊಂದು ಮಾತು. ಹುಣಸಗಿಯಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಸುರಪುರ, ಶಹಾಪುರ, ಜೇವರ್ಗಿ ದಾಟಿ ಕಲಬುರಗಿ ಮುಟ್ಟುವುದೇ ಮಲಗಿದವರಿಗೆ ದೊಡ್ಡ ಪ್ರಯಾಣ. ಹಾಗಾಗಿ ನಮ್ಮ ಕಡೆ ಬಹಳ ಜನ ಸಾಯುವುದು ಮನೆಯಲ್ಲೇ. ಅಂದರೆ ನಮ್ಮೂರಿನ ಹಾಸ್ಪೈಸು ನಡೆಸುವವಳು ಮನೆಯ ಸೊಸೆ, ಇಲ್ಲವೇ ಹೆಂಡತಿ, ಇಲ್ಲವೇ ತವರಿಗೆ ಬಂದು ಕೂತ ಮಗಳು. ಮಗ್ಗುಲು ಬದಲಿಸುವವಳು, ಬಟ್ಟೆ ಒಗೆಯುವವಳು, ರಾತ್ರಿ ಏಳುವವಳು, ಬೆಳಗಾದರೆ ಭತ್ತದ ನಾಟಿಗೋ ಹತ್ತಿ ಬಿಡಿಸಲಿಕ್ಕೋ ಕೂಲಿಗೆ ಹೋಗುವವಳು. ಅವಳಿಗೆ ತರಬೇತಿ ಇಲ್ಲ, ಮಾರ್ಫಿನ್ ಇಲ್ಲ, ಪಾಳಿ ಬದಲಿಸುವವರಿಲ್ಲ. 'ಮನೆಯಲ್ಲೇ, ಮಂದಿ ನಡುವೆ ಹೋದರು' ಎಂದು ನಾವು ಮನೆಯ ಸಾವನ್ನು ಹೊಗಳುತ್ತೇವೆ. ಆ ಮನೆಯ ಒಳಕೋಣೆಯಲ್ಲಿ ಏನಾಯಿತೆಂದು ಯಾರೂ ಅಳೆಯುವುದಿಲ್ಲ. ಅಳೆದರೂ ಸೊಸೆಯ ತಪ್ಪು ಹುಡುಕಲಿಕ್ಕೆ. ಅವ್ವನ ಬೆನ್ನಿನಲ್ಲಿ ಹುಣ್ಣು ಹುಟ್ಟಿದ್ದು ನಮ್ಮ ಮನೆಯಲ್ಲೇ, ಅಲ್ಲಿಗೆ ಹೋಗುವ ಮುಂಚೆ. ಅದಕ್ಕೆ ನನ್ನ ಹೆಂಡತಿಯನ್ನು ಆಡಿಕೊಂಡವರಿದ್ದಾರೆ. ರಾತ್ರಿ ಮಗ್ಗುಲು ಬದಲಿಸಲು ನಾನು ಎಷ್ಟು ಸಲ ಎದ್ದೆ ಎಂದು ಯಾರೂ ಕೇಳಲಿಲ್ಲ.

ಕೇರಳದವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಸಣ್ಣದಾಗಿ ಶುರುವಾದ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಬಂದು, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಅಲ್ಲಿ ನರ್ಸು ಮನೆಗೆ ಬರುತ್ತಾಳೆ, ನೆರೆಯವರು ಬಂದು ಕೂರುತ್ತಾರೆ. ಮನೆಯ ಕತ್ತಲಕೋಣೆಗೆ ಹೊರಗಿನ ಕಣ್ಣು ಬರುತ್ತದೆ, ತಪ್ಪು ಹುಡುಕಲು ಬರುವುದಿಲ್ಲ, ಕೈ ಜೋಡಿಸಲು ಬರುತ್ತದೆ. ನಮ್ಮ ರಾಜ್ಯ 2025ರ ಜನವರಿಯಲ್ಲಿ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಆದೇಶ ಹೊರಡಿಸಿತು. ಗುಣವಾಗುವ ಭರವಸೆ ಇಲ್ಲದವರಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಯಾವ ಕ್ರಮದಲ್ಲಿ ನಿಲ್ಲಿಸಬಹುದು ಎಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ನಮ್ಮ ಓಣಿಯಲ್ಲಿ ನಿಲ್ಲಿಸಲು ಯಂತ್ರವೇ ಇಲ್ಲ. ಇಲ್ಲಿ ಘನತೆಯೆಂದರೆ ಒಣಗಿದ ಬಟ್ಟೆ, ಹೊತ್ತಿಗೆ ಸರಿಯಾಗಿ ಗುಳಿಗೆ, ರಾತ್ರಿ ಎರಡು ಗಂಟೆಗೆ ಬರುವ ಒಬ್ಬರು.

ಮರುದಿನ ಸಂಜೆ ಕಾಕಾನ ಮನೆಗೆ ಹೋದೆ. ನಿನ್ನೆ ಎರಡೇ ಶಬ್ದ ಹೇಳಿದ್ದೆ, ಇವತ್ತು ಎಲ್ಲವನ್ನೂ ಹೇಳಿದೆ. ಎರಡನೆಯ ದಿನ ನೋವು ತಗ್ಗಿದ್ದು, ಬೆನ್ನಿನ ಹುಣ್ಣನ್ನು ಅವರು ದಿನವೂ ತೊಳೆದದ್ದು, ಅವ್ವನನ್ನು ಎಲ್ಲರೂ 'ಅಮ್ಮಾ' ಎಂದೇ ಕರೆದದ್ದು. ಆರನೆಯ ರಾತ್ರಿಯ ಮುಕ್ಕಾಲು ತಾಸನ್ನೂ ಹೇಳಿದೆ. ರಾತ್ರಿ ಎಷ್ಟು ಮಂದಿ ಇರತಾರಂತ ಮೊದಲೇ ಕೇಳ್ರಿ ಎಂದೆ. ಅವರು ಎಲ್ಲ ಕೇಳಿಸಿಕೊಂಡರು. ಒಳಗಿನಿಂದ ಕಾಕು ನರಳುವುದು ಕೇಳುತ್ತಿತ್ತು.

"ನಾನೂ ಅಕೀ ಮಗ್ಗಲಾಗೇ ಇರಬಹುದೇನು ತಮ್ಮಾ? ಇಟಗೋತಾರೇನು?"

ಇಷ್ಟು ದಿನ ಯೋಚಿಸಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇರಬಹುದು, ಮಂಚದ ಪಕ್ಕ ಒಬ್ಬರಿಗೆ ಮಲಗಲು ಜಾಗ ಕೊಡುತ್ತಾರೆ ಎಂದೆ. ಆ ಹನ್ನೊಂದು ರಾತ್ರಿಗಳಲ್ಲಿ ಎರಡು ರಾತ್ರಿ ಆ ಜಾಗ ಖಾಲಿ ಇತ್ತು. ನಿದ್ದೆಗೆಟ್ಟಿದ್ದೇನೆಂದು ನಾನು ಲಾಡ್ಜಿಗೆ ಹೋಗಿ ಮಲಗಿದ್ದೆ. ಅದನ್ನೂ ಅವರಿಗೆ ಹೇಳಿದೆ.